ಕಲ್ಲು ಕಾಣಿಸಬೇಕು

ಮೊದಲ ಕ್ಲಾಸು ಶುರುವಾಗಿ ಒಂದು ಗಂಟೆಯೂ ಆಗಿರಲಿಲ್ಲ, ಊಟದ ಮೇಜಿನ ಮೇಲಿದ್ದ ಎರಡು ಕಲ್ಲುಗಳು ನಾಪತ್ತೆಯಾಗಿದ್ದವು. ಕಳ್ಳರು ಯಾರೂ ಬಂದಿರಲಿಲ್ಲ. ತಾಮ್ರದ ತಂತಿಯೊಳಗೆ ಹೂತುಹೋಗಿದ್ದವು, ಅಷ್ಟೇ.

ಕ್ಲಾಸು ವೈಂಡಿಂಗಕ್ಕನದು. ಸುಟ್ಟುಹೋದ ಮೋಟರುಗಳಿಗೆ ಇಪ್ಪತ್ತೆರಡು ವರ್ಷ ಹೊಸ ತಂತಿ ಸುತ್ತಿದ ಕೈ ಅದು. ಅವಳ ಕೊರಳಲ್ಲಿದ್ದ, ತಂತಿ ಸುತ್ತಿದ ಕಲ್ಲಿನ ಪದಕ ನೋಡಿ ಅಕ್ಕಪಕ್ಕದವರು ನಮಗೂ ಕಲಿಸು ಎಂದು ದುಂಬಾಲು ಬಿದ್ದಾಗ ಅವಳು ಹಿಂದೆಮುಂದೆ ನೋಡಲಿಲ್ಲ. ಭಾನುವಾರ ಬನ್ನಿ, ಒಂದೊಂದು ಕಲ್ಲು ತನ್ನಿ ಎಂದಳು. ಬಂದವರು ಇಬ್ಬರೇ. ಎದುರುಮನೆಯ ಟೈಲರಣ್ಣ ಮತ್ತು ಪಕ್ಕದ ಮನೆಯ ಮೇಡಂ. ಮೇಡಂ ನಿವೃತ್ತ ಗಣಿತದ ಟೀಚರು; ಏಳನೇ ಕ್ಲಾಸಿನಲ್ಲಿ ಇದೇ ವೈಂಡಿಂಗಕ್ಕನನ್ನು ಫೇಲು ಮಾಡಿದವರು. ಅವರ ಬಾಯಿಂದ ಇವತ್ತು ಒಂದೇ ಒಂದು ‘ಭೇಷ್’ ಬಿದ್ದರೆ ಸಾಕು ಎಂಬ ಆಸೆ ಅವಳಿಗಿತ್ತು. ಬಿದ್ದೇ ಬೀಳುತ್ತದೆ ಎಂಬ ಧೈರ್ಯವೂ ಇತ್ತು.

ಇಬ್ಬರಿಗೂ ಎರಡೆರಡು ಮಾರು ತಂತಿ ಕೊಟ್ಟಳು. ಎಳೆದು ಹಿಡಿಯಿರಿ, ಒತ್ತಿ ಸುತ್ತಿ, ನಡುವೆ ಕೂದಲು ತೂರುವಷ್ಟೂ ಸಂದು ಬಿಡಬೇಡಿ ಎಂದು ಬೆನ್ನ ಹಿಂದೆ ನಿಂತು ಹೇಳಿದಳು. ಎಲ್ಲಾದರೂ ಸಂದು ಕಂಡರೆ ತಾನೇ ಬಗ್ಗಿ ಹೆಬ್ಬೆರಳ ಉಗುರಿನಿಂದ ಅದನ್ನು ಮುಚ್ಚಿದಳು. ಮೇಡಂ ತುಟಿ ಕಚ್ಚಿಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಸುತ್ತಿದ್ದೇ ಸುತ್ತಿದ್ದು.

ಮೊದಲು ಮುಗಿಸಿದ ಟೈಲರಣ್ಣ ತನ್ನದನ್ನು ಎತ್ತಿ ಹಿಡಿದ. “ಅಕ್ಕಾ, ಇದಕ್ಕೆ ಕರೆಂಟ್ ಕೊಟ್ರೆ ತಿರುಗುತ್ತಾ?”

ಮೇಡಂ ನಗಲಿಲ್ಲ. ತಮ್ಮ ಗುಂಡನೆಯ ತಂತಿಯ ಉಂಡೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ನನ್ನ ಕಲ್ಲು ಎಲ್ಲೇ?”

ವೈಂಡಿಂಗಕ್ಕ ತನ್ನ ಕೊರಳ ಪದಕ ಮುಟ್ಟಿಕೊಂಡಳು. ಅದರಲ್ಲಿ ಕಲ್ಲು ಎಲ್ಲ ಕಡೆಯಿಂದಲೂ ಕಾಣುತ್ತಿತ್ತು. ಯಾಕೆಂದು ಈಗ ಹೊಳೆಯಿತು. ಅದನ್ನು ಮಾಡಿದ ದಿನ ಅವಳ ಹತ್ತಿರ ಉಳಿದಿದ್ದದ್ದು ಒಂದು ಗೇಣು ತಂತಿ. ತಂತಿ ಸಾಲದೆ ಬಿಟ್ಟ ಸಂದುಗಳನ್ನೇ ಜನ ಚೆಂದ ಎಂದಿದ್ದರು. ಅವಳ ಕಿವಿ ಬಿಸಿಯಾಯಿತು. ಹೊಸಬರ ಕೈ ಹೀಗೇ, ಮೊದಮೊದಲು ಎಲ್ಲರೂ ಕೆಡಿಸುತ್ತಾರೆ ಎಂಬ ಮಾತು ನಾಲಿಗೆಯ ತುದಿಗೇ ಬಂತು. ಹೇಳಿದ್ದರೆ ಇಬ್ಬರೂ ನಂಬುತ್ತಿದ್ದರು. ಅವಳು ಅದನ್ನು ನುಂಗಿಕೊಂಡಳು.

“ತಪ್ಪು ನಂದು,” ಎಂದಳು. ದನಿ ಒಂದಿಷ್ಟೂ ಅಳುಕಲಿಲ್ಲ. “ಒಡವೆ ಕಲಿಸ್ತೀನಿ ಅಂತ ಮೋಟರ್ ಸುತ್ತೋದು ಕಲಿಸಿಬಿಟ್ಟೆ. ಕಲ್ಲು ಕಾಣಿಸ್ಬೇಕು. ಕತ್ತರಿಸಿ ತೆಗೀರಿ, ಮೊದಲಿಂದ ಮಾಡೋಣ.”

ಈ ಸಲ ಗೇಣುದ್ದದ ತಂತಿಗಳನ್ನಷ್ಟೇ ತುಂಡು ಮಾಡಿದಳು. ಟೈಲರಣ್ಣ ಖುಷಿಯಾಗಿ ತನ್ನದನ್ನು ಕತ್ತರಿಸತೊಡಗಿದ. ಮೇಡಂ ಮಾತ್ರ ಕಟರ್ ಮುಟ್ಟಲಿಲ್ಲ. ಕಲ್ಲು ಕಾಣದ ಆ ಉಂಡೆಯನ್ನೇ ನೋಡುತ್ತ ಕೂತಿದ್ದರು.

“ಮೂವತ್ತೊಂದು ವರ್ಷ ಪಾಠ ಮಾಡಿದೆ ಕಣೇ,” ಎಂದರು ಕೊನೆಗೆ. “ತಪ್ಪು ನಂದು ಅಂತ ಒಂದು ದಿನಾನೂ ಹೇಳಲಿಲ್ಲ. ಅರ್ಥ ಆಗದೇ ಇದ್ದೋರನ್ನೆಲ್ಲ ದಡ್ಡರು ಅಂದುಬಿಟ್ಟೆ.”

ವೈಂಡಿಂಗಕ್ಕ ಒಂದು ಗೇಣು ತಂತಿಯನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು.

“ಮೊದಲನೇ ಸುತ್ತು ಸ್ವಲ್ಪ ಸಡಿಲ ಇರಲಿ, ಮೇಡಂ.”