ಬಾಗಿಲ ಸಂದು

ಸಿಂಧನೂರಿನ ಸುತ್ತ ಈಗ ಎಲ್ಲವೂ ಭತ್ತದ ಹೊಟ್ಟು ಬೆರೆಸಿದ ಕಾಂಕ್ರೀಟಿನ ಮನೆಗಳೇ. ನಾಟಿಯಾದ ಮೇಲೆ ಪೈರಿನ ಜೊತೆ ಗೋಡೆಗಳೂ ಬೆಳೆದು ದಪ್ಪವಾಗುವುದರಿಂದ ಜನ ಮೊದಲೇ ಬಾಗಿಲು ಕೆತ್ತಿ ಅಗಲಿಸಿಕೊಳ್ಳುತ್ತಾರೆ. ಈ ಸಲ ಹಂಪಯ್ಯ ರೈಸ್‌ಮಿಲ್ಲಿನ ಕೆಲಸದ ನಡುವೆ ಅದನ್ನು ಮುಂದೂಡಿದ. ಬೆಳೆಯುವ ಗೋಡೆಗೆ ಉಳಿ ನಾಟದು. ನೋಡನೋಡುತ್ತ ಬಾಗಿಲು ಕಿರಿದಾಗಿ ಬರೀ ಸಂದು ಉಳಿಯಿತು; ಅವನ ತುಂಬು ಬಸುರಿ ಹೆಂಡತಿ ರೇಣವ್ವ ಅತ್ತೆಯೊಂದಿಗೆ ಒಳಗೇ ಸಿಕ್ಕಿಕೊಂಡಳು. ಕಿಟಕಿಯ ಕಂಬಿಗಳ ನಡುವಿನಿಂದ ಊಟ ಬರುತ್ತಿತ್ತು.

ಒಳಗೇ ಹೆರಿಗೆಯಾಯಿತು. ಹೆಣ್ಣು ಮಗು. ಗೋಡೆ ಉದುರಿಸುವ ಧೂಳಿಗೆ ಅದು ಉಸಿರಾಡಲು ಒದ್ದಾಡತೊಡಗಿತು.

"ಕೂಸಿನ್ನ ಕೊಡು ರೇಣಿ," ಎಂದ ಹಂಪಯ್ಯ ಬಾಗಿಲ ಸಂದಿನಾಚೆಯಿಂದ. "ನಾಳಿಗೆ ಈ ಸಂದೂ ಇರಂಗಿಲ್ಲ."

"ಹಾಲು?"

"ನಮ್ಮಕ್ಕ ಬಾಣಂತಿ ಅದಾಳಲ್ಲ, ಕುಡಸ್ತಾಳ."

"ಸುಗ್ಗಿಗೆ ಗ್ವಾಡಿ ಒಣಗಿ ಕುಗ್ಗಿ ನಾ ಹೊರಗ ಬರೂದ್ರಾಗ ನನ್ನ ಮಾರೀನೇ ಮರೀತದ."

"ಮೊದ್ಲು ಬದುಕ್ಲಿ ಬಿಡವ್ವಾ," ಎಂದಳು ಅತ್ತೆ.

ರೇಣವ್ವ ಹಾಲೂಡಿಸಿ, ಮಗುವನ್ನು ಸೀರೆಯಲ್ಲಿ ಸುತ್ತಿ ಸಂದಿಗೆ ತಂದಳು. ತಲೆಗೆ ತಾಗದಂತೆ ಎರಡೂ ಬದಿಗೆ ಅಂಗೈ ಒಡ್ಡಿದಳು. ಗೋಡೆ ಅವಳ ಕೈಗಳನ್ನಷ್ಟೇ ತರಚಿತು. ಹಂಪಯ್ಯನ ಕೈಗೆ ಬಂದ ಮಗು ಹೊರಗಿನ ಗಾಳಿಗೆ ಜೋರಾಗಿ ಅತ್ತಿತು. ಅವನು ಅಕ್ಕನ ಮನೆಯತ್ತ ನಡೆದ. ಆ ಅಳು ಬೀದಿಯ ತಿರುವಿನಲ್ಲಿ ಕೇಳದಾಗುವವರೆಗೂ ರೇಣವ್ವ ಸಂದಿನಿಂದ ಕೈ ಹಿಂದೆಗೆಯಲಿಲ್ಲ.