ಉಳಿದ ರೊಟ್ಟಿಯ ಲೆಕ್ಕ

"ಐದು ರೊಟ್ಟಿ, ಐದು ಸಾವಿರ ಮಂದಿ. ಸಮನಾಗಿ ಹಂಚಿದ್ರ ಒಬ್ಬೊಬ್ಬರಿಗಿ ಎಷ್ಟು ಬರ್ತದ? ಗುರಮ್ಮ, ನೀ ಹೇಳು."

ಮೀರಾಬಾಯಿ ಕೇಳಿದ್ದೇ ತಡ, ಗುರಮ್ಮ ಎದ್ದು ನಿಂತಳು. ಬೀದರಿನ ಆ ಮಿಶನ್ ಸಾಲೆಯಲ್ಲಿ ಲೆಕ್ಕವೆಂದರೆ ಗುರಮ್ಮ, ಗುರಮ್ಮನೆಂದರೆ ಲೆಕ್ಕ. ಅಂಥವಳು ಇವತ್ತು, ಅದೂ ನಿಜಾಮ ಸರಕಾರದ ವಿದ್ಯಾ ಇಲಾಖೆಯಿಂದ ತಪಾಸಣೆಗೆ ಬಂದ ಖತೀಜಾ ಬೇಗಂ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿರುವಾಗ, ಪಾಟಿಯನ್ನು ಕೆಳಗಿಟ್ಟುಬಿಟ್ಟಳು.

ಬೇಗಂ ಸಾಹೇಬರು ಹೂಂ ಅಂದರೆ ಎಂಟನೆಯ ಇಯತ್ತೆ, ಅಂದರೆ ಹೈಸ್ಕೂಲು, ಇದೇ ವರ್ಷ ಶುರು. ಊಹೂಂ ಅಂದರೆ ಹುಡುಗಿಯರ ಓದಿಗೆ ಏಳಕ್ಕೇ ಮಂಗಳ. ಭಾಲ್ಕಿಯಲ್ಲಿ ಗುರಮ್ಮನ ಅಪ್ಪ ಮಲ್ಲಿಕಾರ್ಜುನಪ್ಪ ಆಗಲೇ ವರ ನೋಡಿಟ್ಟಿದ್ದ. ಮುಂದಿನ ಇಯತ್ತೆ ಇದ್ದರೆ ಓದಲಿ, ಇಲ್ಲದಿದ್ದರೆ ಲಗ್ನ. ಇನ್ನು ಮೀರಾಬಾಯಿ? ಅವಳೂ ಇದೇ ಸಾಲೆಯಲ್ಲಿ ಏಳು ಮುಗಿಸಿ, ಮುಂದೆ ಇಯತ್ತೆಯೇ ಇಲ್ಲದೆ, ಇಲ್ಲಿಯೇ ಪಾಠ ಹೇಳಲು ನಿಂತವಳು. ಎಂಟು ಅನ್ನುವ ಅಂಕಿಯನ್ನು ಹಲಗೆಯ ಮೇಲೆ ಬರೆಯುವಾಗ ಈಗಲೂ ಅವಳು ಎರಡೆರಡು ಸಲ ತಿದ್ದುತ್ತಿದ್ದಳು.

ಈ ರೊಟ್ಟಿಯ ಫಜೀತಿಗೆ ಮೂಲ, ಜ್ವರ ಹಿಡಿದು ಬಂಗಲೆಯಲ್ಲಿ ಮಲಗಿದ್ದ ಮಿಶನ್ ದೊರಸಾನಿಯ ಹುಕುಂ. ಯಾವ ವಿಷಯ ಕಲಿಸಿದರೂ ಅದರೊಳಗೆ ಯೇಸುಸ್ವಾಮಿ ಕಾಣಬೇಕು! ಭೂಗೋಳಕ್ಕೆ ಮಾಂಜ್ರಾ ದಾಟಿ ಯೊರ್ದನ್ ಹೊಳೆಗೆ ಹೋಗಿ ಬಂದದ್ದಾಯಿತು. ಹೊಲಿಗೆಗೆ ಯೋಸೇಫನ ಬಣ್ಣದ ಅಂಗಿ ಸಿಕ್ಕಿತು. ಗಣಿತಕ್ಕೆ ಬೈಬಲಿನ ಐದು ರೊಟ್ಟಿಯ ಕಥೆ ಹೊಳೆದಾಗಂತೂ ಮೀರಾಬಾಯಿ ಒಬ್ಬಳೇ ಕುಣಿದಾಡಿಬಿಟ್ಟಿದ್ದಳು. ಮೊದಲು ಭಾಗಾಕಾರ ಮಾಡಿಸಿ, ಒಬ್ಬರಿಗೆ ಬರುವುದು ರೊಟ್ಟಿಯ ಚೂರು ಎಂದು ತೋರಿಸಬೇಕು. ಆಮೇಲೆ, ಅಷ್ಟರಲ್ಲೇ ಸ್ವಾಮಿ ಎಲ್ಲರ ಹೊಟ್ಟೆ ತುಂಬಿಸಿದ ಎನ್ನಬೇಕು. ಕಥೆಯಲ್ಲಿದ್ದ ಎರಡು ಮೀನುಗಳನ್ನು ಮಾತ್ರ, ಲಿಂಗಾಯತ ಹುಡುಗಿಯರ ಮುಖ ನೆನೆದು, ಅವಳೇ ತಿರುಗಿ ನೀರಿಗೆ ಬಿಟ್ಟಿದ್ದಳು.

"ಯಾಕ ಗುರಮ್ಮ, ಲೆಕ್ಕ ಬರಂಗಿಲ್ಲೇನ?" ಮೀರಾಬಾಯಿ ಓರೆಗಣ್ಣಿನಿಂದ ಬೇಗಮರನ್ನು ನೋಡುತ್ತ ಕೇಳಿದಳು.

"ಬರ್ತದರಿ. ಆದ್ರ ಮಾಡಂಗಿಲ್ಲರಿ. ಮಂದಿ ಉಣ್ಣಾಕ ಕುಂತಾರಂತ ನೀವ ಹೇಳೀರಿ. ಪಂಕ್ತಿ ಕುಂತಾಗ ರೊಟ್ಟಿ ಎಣಸಬಾರ್ದರಿ, ಎಣಿಸಿದ್ರ ಕಮ್ಮಿ ಬೀಳ್ತಾವ. ನಮ್ಮವ್ವ ಬುಟ್ಟಿ ಮ್ಯಾಲ ಅರಿವಿ ಮುಚ್ಚಿ, ಕೈ ಹಾಕಿ ತಗದು ನೀಡ್ತಾಳ. ಒಳಗ ಹಣಿಕಿ ಸುದ್ದಾ ನೋಡಂಗಿಲ್ಲರಿ."

"ಅಯ್ಯ ಶಿವನ!" ಎಂದುಬಿಟ್ಟಳು ಮೀರಾಬಾಯಿ. ಕ್ರಿಸ್ತರ ಸಾಲೆಯ ಮಾಸ್ತರಣಿಯ ಬಾಯಲ್ಲಿ ಶಿವ! ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆದರೆ ಒಳಗೆ ಸಂತೋಷ ಉಕ್ಕಿ ಬರುತ್ತಿತ್ತು. ನಂಬಿ ನೀಡಿದರೆ ಕಮ್ಮಿ ಬೀಳದು ಎಂದು ವರ್ಷಗಟ್ಟಲೆ ಹೇಳಿದರೂ ಈ ಹುಡುಗಿಯರಿಗೆ ತಿಳಿಸಲಾಗದ ಮಾತನ್ನು ಭಾಲ್ಕಿಯ ಅವ್ವನೊಬ್ಬಳು ಬುಟ್ಟಿಗೆ ಅರಿವೆ ಮುಚ್ಚಿಯೇ ಕಲಿಸಿದ್ದಳಲ್ಲ!

ಖತೀಜಾ ಬೇಗಂ ಕನ್ನಡಕ ಸರಿಮಾಡಿಕೊಂಡರು. "ನಮ್ಮ ಅಮ್ಮೀನೂ ಹಂಗ ಅಂತಿದ್ರು. ಎಣಿಸಿದ್ರ ಬರಕತ್, ಅಂದ್ರ ಹುಲುಸು, ಹೋಗ್ತದ ಅಂತ. ಲೇಕಿನ್ ಬಾಯಿ, ಅದು ಮನಿ ಮಾತು. ಸಾಲ್ಯಾಗ ಹಿಸಾಬ್ ಬೇಕು. ಹುಡುಗೀರಿಗಿ ಭಾಗಾಕಾರ ಬರಂಗಿಲ್ಲ ಅಂತ ಬರೀಲೇನು?"

ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಹೊತ್ತು. ಮೀರಾಬಾಯಿಗೆ ಕಥೆಯ ಕೊನೆ ಥಟ್ಟನೆ ನೆನಪಾಯಿತು.

"ಗುರಮ್ಮ! ಎಲ್ಲಾರೂ ಉಂಡು ಎದ್ರು. ಕೈ ತೊಳಕೊಂಡ್ರು. ಈಗ ಉಳದದ್ದು ಎಣಸಬಹುದೇನ?"

ಗುರಮ್ಮನ ಮುಖ ಅರಳಿತು. "ಉಳದದ್ದು ಎಣಸಬಹುದರಿ! ನಮ್ಮವ್ವನೂ ಎಣಸ್ತಾಳ!"

"ಉಳದದ್ದು ಹನ್ನೆರಡು ಬುಟ್ಟಿ. ಒಂದೊಂದರಾಗ..."

"ಠೈರೋ! ನಾ ಕೇಳ್ತೇನಿ," ಎಂದು ಬೇಗಂ ಕುರ್ಚಿಯ ಅಂಚಿಗೆ ಬಂದರು. ಅವರಿಗೂ ಹುರುಪು ಹತ್ತಿತ್ತು. "ಒಂದೊಂದು ಬುಟ್ಟಿಯಾಗ ಮೂವತ್ತೈದು ತುಂಡು. ಇಪ್ಪತ್ತೊಂದು ಮನಿಗಿ ಸಮ ಹಂಚು."

ಪಾಟಿ ಮುಟ್ಟಲೂ ಇಲ್ಲ ಹುಡುಗಿ. "ಮನಿಗಿ ಇಪ್ಪತ್ತು ರಿ!"

"ವಾಹ್ ರೇ ಬೇಟಿ!" ಬೇಗಂ ತೊಡೆ ತಟ್ಟಿ ಎದ್ದೇಬಿಟ್ಟರು. "ಎಂಟನೇ ಇಯತ್ತೆ ಮಂಜೂರ್!"

ಹುಡುಗಿಯರ ಚಪ್ಪಾಳೆಗೆ ಸೂರಿನ ಗುಬ್ಬಿಗಳೆಲ್ಲ ಹಾರಿಹೋದವು. ಆ ಗದ್ದಲದಲ್ಲೇ ಮೀರಾಬಾಯಿ ಸೆರಗು ಹಿಂಡುತ್ತ ಮುಂದೆ ಬಂದಳು.

"ಬೇಗಂ ಸಾಹೇಬ್ರ, ಎಂಟನೇ ಇಯತ್ತಿಗಿ ಕಲಸಾಕ ಯಾರು ಬರ್ತಾರ್ರಿ?"

"ಹೈದ್ರಾಬಾದಿಂದ ಕಳಸ್ತೇವು. ಯಾಕ, ನಿಮಗ ಕಲಸಬೇಕಾಗೇದೇನು?"

"ಇಲ್ರಿ. ನಾ ಓದಾಕ ಕೂಡಬೇಕರಿ."

ಬೇಗಂ ನಕ್ಕರು. "ಮುಂಜಾನಿ ಕಲಸ್ರಿ, ಮಧ್ಯಾಹ್ನ ಕೂಡ್ರಿ. ಬ್ಯಾಡ ಅನ್ನೋರು ಯಾರು?"

ಯಾರು ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೀರಾಬಾಯಿ ಮೆಹಕರದ ಹೊರಕೇರಿಯಲ್ಲಿ, ಊರವರು ಮುಟ್ಟಿಸಿಕೊಳ್ಳದ ಜಾತಿಯಲ್ಲಿ ಹುಟ್ಟಿದವಳು. ನಿಂತು ಕಲಿಸುವವರೆಗೆ ಅವಳು ಬಾಯಾರು. ಪಕ್ಕದಲ್ಲಿ ಕೂತರೆ ಮಾತು ಬೇರೆ. ಚಪ್ಪಾಳೆ ತಾನಾಗಿ ನಿಂತಿತು. ಅವಳು ಕೂಡಲು ಗೋಡೆಯ ಬದಿಯ ಬರಿನೆಲ ನೋಡಿಕೊಂಡು ಅತ್ತ ಹೊರಟಳು.

ಗುರಮ್ಮ ಕೂತಿದ್ದು ಭಾಲ್ಕಿಯಿಂದ ತಂದ ತನ್ನ ಕಂಬಳಿಯ ಮೇಲೆ. ಇವತ್ತಿನವರೆಗೆ ಬೇರೆಯವರ ಸೆರಗನ್ನೂ ಅದಕ್ಕೆ ಸೋಕಗೊಟ್ಟವಳಲ್ಲ. ಅವಳು ಪರಕಾರದ ನೆರಿಗೆ ಬಾಚಿಕೊಂಡು ಒಂದು ಬದಿಗೆ ಸರಿದಳು. ಅರ್ಧ ಕಂಬಳಿ ಖಾಲಿಯಾಯಿತು.

"ಮ್ಯಾಲ ಕೂಡ್ರಿ ಬಾಯಾರ," ಎಂದಳು. "ನೆಲ ಭಾಳ ಥಂಡಿ ಅದ."