ಹುಬ್ಬಿಲ್ಲದ ಪಾಠ

ತಮ್ಮ ದೂರಿಗೆ ಕಂಪ್ಯೂಟರಿನಲ್ಲಿ ಬಂದ ಉತ್ತರವನ್ನು ಅಕ್ಕ ಎರಡು ಸಲ ಓದಿದಳು. ಎರಡನೆಯ ಸಲ ಸಿಟ್ಟು ಕೂಡ ಬರಲಿಲ್ಲ. ಪಾಠಗಳು ನಿಮ್ಮವೇ ಎನ್ನಲು ನೀವು ಕಳಿಸಿದ ಪುರಾವೆ ಸಾಲದು, ನಮ್ಮಲ್ಲಿ ಇವನ್ನು ಮೊದಲು ಹಾಕಿದವರು ಕದ್ದರೆಂದು ನೀವು ದೂರುವವರೇ, ಪೂರ್ತಿ ಮುಖ ಕಾಣುವ ವಿಡಿಯೊವನ್ನು ಈಗಿನ ಕಾಲದಲ್ಲಿ ಯಾರು ಬೇಕಾದರೂ ತಯಾರಿಸಿಕೊಳ್ಳಬಹುದು ಎಂದು ಜನ ವಿಡಿಯೊ ಹಾಕುವ ತಾಣದ ಕಂಪನಿಯವರು ಬರೆದಿದ್ದರು.

ಎದುರು ಕುಳಿತಿದ್ದ ತಂಗಿ ಕೈಯಾಡಿಸಿ ಕೇಳಿದಳು, "ಏನಂತೆ?" ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಮನೆಯಲ್ಲಿ ಇಬ್ಬರದೂ ಕೈಮಾತೇ.

"ನಿನ್ನ ಮುಖ ನಿಂದೇ ಅಂತ ಅವರಿಗೆ ನಂಬಿಕೆ ಇಲ್ವಂತೆ."

"ಬೆಳಗ್ಗೆ ಕನ್ನಡಿ ನೋಡ್ದಾಗ ನಂಗೂ ಇರ್ಲಿಲ್ಲ," ಎಂದಳು ತಂಗಿ. ಅಕ್ಕನಿಗೆ ನಗಲೂ ಆಯಾಸ.

ಕಿವಿ ಕೇಳದ ಮಕ್ಕಳ ತಂದೆತಾಯಿಗೆ ಕೈಮಾತು ಕಲಿಸಲೆಂದು ಇಬ್ಬರೂ ಸೇರಿ ಕಟ್ಟಿದ ವೆಬ್‌ಸೈಟು ಅದು. ತಂಗಿ ಬಿಳಿ ಗೋಡೆಯ ಮುಂದೆ ನಿಂತು ಮಾಡಿ ತೋರಿಸುವಳು, ಅಕ್ಕ ವಿಡಿಯೊ ತೆಗೆದು ಕೆಳಗೆ ಅರ್ಥ ಬರೆಯುವಳು. ಯಾರೂ ಕದಿಯದಿರಲಿ ಎಂದು ಪ್ರತಿ ವಿಡಿಯೊದಲ್ಲೂ ತಂಗಿಯ ಹಣೆಗೆ ಅಡ್ಡಲಾಗಿ ತಮ್ಮ ಸೈಟಿನ ಹೆಸರನ್ನು ತೆಳುವಾಗಿ ಮೂಡಿಸಿದ್ದಳು. ಕದ್ದವರು ಅದನ್ನು ಒರೆಸುವ ಗೋಜಿಗೇ ಹೋಗಲಿಲ್ಲ. ಮೇಲಿನ ಭಾಗವನ್ನು ಸೀದಾ ಕತ್ತರಿಸಿ ಎಸೆದರು. ಹೆಸರಿನ ಜೊತೆ ತಂಗಿಯ ಹಣೆ, ಹುಬ್ಬು, ಕಣ್ಣು ಎಲ್ಲ ಹೋದವು. ಮೂಗಿನಿಂದ ಕೆಳಗಷ್ಟೇ ಇರುವ ಆ ಹೆಂಗಸು ಈಗ ಇನ್ನೊಂದು ಹೆಸರಿನಲ್ಲಿ ಸಾವಿರಾರು ಜನರಿಗೆ ಪಾಠ ಹೇಳುತ್ತಿದ್ದಳು.

ಗೋಡೆಯ ದೀಪ ಮಿಣುಕಿತು. ಹೊರಗೆ ಯಾರೋ ಗಂಟೆ ಒತ್ತಿದ್ದರು. ಬಾಗಿಲು ತೆರೆದರೆ ಒಬ್ಬ ಗಂಡಸು, ಅವನ ಹಿಂದೆ ಏಳೆಂಟು ವರ್ಷದ ಹುಡುಗಿ. ಒಳಗೆ ಬಂದವಳೇ ಹುಡುಗಿ ಕಿಟಕಿಯ ಪಕ್ಕದ ಕುರ್ಚಿ ಹತ್ತಿ, ಎಲ್ಲರಿಗೂ ಬೆನ್ನು ಹಾಕಿ ಕೂತುಬಿಟ್ಟಳು.

"ಇಲ್ಲಿ ಕೈಮಾತು ಹೇಳ್ಕೊಡ್ತೀರಂತೆ," ಎಂದ ಅವನು. "ಮಗಳ ಹತ್ರ ಹಾಗೆ ಮಾತಾಡ್ತಿದ್ದೋಳು ಇವಳಮ್ಮ. ಅವಳು ತೀರಿಹೋದ್ಮೇಲೆ ನಾನೇ ಇಂಟರ್ನೆಟ್ ನೋಡ್ಕೊಂಡು ಕೂತು ಕಲ್ತೆ. ಒಂದು ಪಾಠ ಬಿಟ್ಟಿಲ್ಲ. ಆದ್ರೆ ನಾನು ಏನು ಕೇಳಿದ್ರೂ ಇವಳು ಉತ್ತರ ಕೊಡಲ್ಲ, ಹಿಂಗೇ ತಿರುಗಿ ಕೂತ್ಕೋತಾಳೆ."

"ಏನು ಕೇಳ್ತೀರಿ? ನಮಗೆ ಒಂದ್ಸಲ ಮಾಡಿ ತೋರ್ಸಿ," ಎಂದಳು ಅಕ್ಕ.

ಅವನು ಮಾಡಿ ತೋರಿಸಿದ. ಕೈಗಳು ಅಚ್ಚುಕಟ್ಟಾಗಿ ಆಡಿದವು. ಮಣಿಕಟ್ಟನ್ನು ಚೂರು ಒಳಕ್ಕೆ ತಿರುಗಿಸುವ ತಂಗಿಯ ಅಭ್ಯಾಸ ಕೂಡ ಅಲ್ಲಿತ್ತು. ಅದನ್ನು ಬೇರೆಯವರ ಕೈಯಲ್ಲಿ ಕಂಡು ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಆದರೆ ಅವನ ಮುಖ ಹಲಗೆಯಂತಿತ್ತು. ತಂಗಿ ಅಕ್ಕನ ಕಡೆ ತಿರುಗಿ ಚುರುಕಾಗಿ ಕೈಯಾಡಿಸಿದಳು.

"ನೀವು ಕೇಳಿದ್ದು ಏನು?" ಎಂದಳು ಅಕ್ಕ.

"ಊಟ ಮಾಡಿದ್ಯಾ, ಬೇಜಾರಾಗಿದ್ಯಾ, ನನ್ನ ಜೊತೆ ಇರ್ತೀಯಾ ಅಂತ."

"ನೀವು ಕೇಳ್ಲಿಲ್ಲ, ಹೇಳಿದ್ರಿ. ಊಟ ಮಾಡಿದೀಯ, ಬೇಜಾರಾಗಿದೀಯ, ನನ್ನ ಜೊತೆ ಇರ್ತೀಯ. ಎಲ್ಲಾ ನೀವೇ ತೀರ್ಮಾನ ಮಾಡಿದ ಹಾಗಿತ್ತು. ಇಂಥ ಪ್ರಶ್ನೆ ಕೈಯಲ್ಲಿರಲ್ಲ, ಹುಬ್ಬಲ್ಲಿರುತ್ತೆ, ಅದನ್ನ ಏರಿಸ್ಬೇಕು."

"ನಾನು ನೋಡಿದ ಪಾಠದಲ್ಲಿ ಹುಬ್ಬೇ ಇರ್ಲಿಲ್ಲ."

ಅಕ್ಕ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತಮ್ಮ ವಿಡಿಯೊ ತೋರಿಸಿ, ಕದ್ದವರು ಮೇಲಿನ ಭಾಗ ಕತ್ತರಿಸಿದ್ದನ್ನೂ ಕಂಪನಿ ಕೊಟ್ಟ ಉತ್ತರವನ್ನೂ ಹೇಳಿದಳು. ಅವನು ಪರದೆ ನೋಡಿದ, ತಂಗಿಯನ್ನು ನೋಡಿದ, ಮತ್ತೆ ಪರದೆ ನೋಡಿದ. ತನ್ನ ಮನೆಯಲ್ಲಿ ಇಷ್ಟು ದಿನ ಏನು ನಡೆಯಿತೆಂದು ಅವನಿಗೆ ನಿಧಾನಕ್ಕೆ ಹೊಳೆಯುವುದು ಕಾಣುತ್ತಿತ್ತು.

"ಆರು ತಿಂಗಳು ಇವಳಿಗೆ ಬರೀ ಅಪ್ಪಣೆ ಕೊಟ್ಟಿದೀನಿ," ಎಂದ. "ಪಾಠ ನಿಮ್ಮದೇ ಅಂತ ನಾನು ಬರೆದು ಕೊಡ್ತೀನಿ. ಎಲ್ಲಿಗೆ ಕರೆದ್ರೂ ಬಂದು ಸಾಕ್ಷಿ ಹೇಳ್ತೀನಿ," ಎಂದ.

ಇಷ್ಟು ದಿನ ಅಕ್ಕ ಹುಡುಕುತ್ತಿದ್ದುದು ಇಂಥ ಒಂದು ಮಾತನ್ನೇ. ಕಂಪ್ಯೂಟರನ್ನು ಹತ್ತಿರಕ್ಕೆಳೆದುಕೊಂಡು ಹೊಸ ದೂರಿನ ಮೊದಲ ಸಾಲು ಬರೆಯತೊಡಗಿದಳು. ತಂಗಿ ಮೇಜು ತಟ್ಟಿದಳು. "ಅದು ಆಮೇಲೆ."

ಅವಳು ಅವನನ್ನು ಹುಡುಗಿಯ ಕುರ್ಚಿಯ ಬಳಿ ಮಂಡಿಯೂರಿಸಿದಳು. ಕಾಲಿನಿಂದ ನೆಲ ಗುದ್ದಿದಳು. ಆ ಅದುರಿಕೆಗೆ ಹುಡುಗಿ ತಿರುಗಿದಳು. ತಂಗಿ ತನ್ನೆರಡು ಹೆಬ್ಬೆರಳನ್ನು ಅವನ ಹುಬ್ಬುಗಳ ಕೆಳಗಿಟ್ಟು ಮೇಲಕ್ಕೆ ಒತ್ತಿ ಹಿಡಿದಳು. ಹಣೆಯೆಲ್ಲ ನಿರಿಗೆಗಟ್ಟಿತು, ಕಣ್ಣು ಅಗಲವಾದವು. ಆ ಅವತಾರದಲ್ಲೇ ಅವನು ಕೈಯೆತ್ತಿ ಕೇಳಿದ. ನನ್ನ ಜೊತೆ ಇರ್ತೀಯಾ?

ಹುಡುಗಿ ಕಣ್ಣು ಪಿಳುಕಿಸದೆ ನೋಡಿದಳು. ಕುರ್ಚಿಯಿಂದ ಇಳಿದು ಬಂದಳು. ತಂಗಿಯ ಕೈಗಳನ್ನು ಪಕ್ಕಕ್ಕೆ ಸರಿಸಿ, ತನ್ನ ಪುಟ್ಟ ಹೆಬ್ಬೆರಳುಗಳಿಂದ ಅಪ್ಪನ ಹುಬ್ಬುಗಳನ್ನು ಇನ್ನೂ ಮೇಲಕ್ಕೆತ್ತಿದಳು. ಅವನು ಮತ್ತೊಮ್ಮೆ ಕೇಳಿದ, ಮಗದೊಮ್ಮೆ ಕೇಳಿದ. ಉತ್ತರ ಹೇಳೋಣವೆಂದರೆ ಅವಳ ಎರಡು ಕೈಗಳಿಗೂ ಬಿಡುವಿರಲಿಲ್ಲ.